ಶಸ್ತ್ರಾಗಾರದ ಬಾಗಿಲ ಹೊರಗೆ

ನಮ್ಮ ಮಾತಿನಲ್ಲಿ ಪಿತ್ತಕ್ಕೆ ಒಳ್ಳೆಯ ಹೆಸರಿಲ್ಲ. ಸಿಟ್ಟು ಬಂದವನಿಗೆ ಪಿತ್ತ ನೆತ್ತಿಗೇರಿತೆನ್ನುತ್ತೇವೆ. ತಲೆ ತಿರುಗಿದರೆ ಪಿತ್ತ, ಬಾಯಿ ಕಹಿಯಾದರೆ ಪಿತ್ತ, ಅಕಾಲದಲ್ಲಿ ಕೂದಲು ನರೆತರೂ ಪಿತ್ತ. ದಿನಕ್ಕೆ ಹತ್ತು ಸಲ ಹೆಸರು ಹೇಳುವ ಈ ಪಿತ್ತ ದೇಹದಲ್ಲಿ ಎಲ್ಲಿರುತ್ತದೆಯೆಂದು ಯಾರಾದರೂ ಕೇಳಿದ್ದರೆ, ಕಳೆದ ಕಾರ್ತಿಕ ಮಾಸದವರೆಗೆ ನಾನು ಉತ್ತರ ಹೇಳಲಾರದವನಾಗಿದ್ದೆ. ಆ ತಿಂಗಳ ಒಂದು ರಾತ್ರಿ ನಮ್ಮ ತಾಯಿಯವರಿಗೆ ಪಿತ್ತಕೋಶದ ತುರ್ತು ಶಸ್ತ್ರಚಿಕಿತ್ಸೆ ಆಗಲೇಬೇಕೆಂದು ವೈದ್ಯರು ತಿಳಿಸಿದರು. ಆ ಮೂರು ದಿನಗಳಲ್ಲಿ ಕಲಿತದ್ದು ಬಿ.ಎ. ತರಗತಿಯ ಮೂರು ವರ್ಷಗಳಲ್ಲಿ ಕಲಿತದ್ದಕ್ಕಿಂತ ಹೆಚ್ಚೆಂದರೆ ನಮ್ಮ ಅಧ್ಯಾಪಕರು ಮನ್ನಿಸಬೇಕು.

ನೋವು ಅಂದೇ ಹುಟ್ಟಿದ್ದಲ್ಲ. ಹಬ್ಬದೂಟ ಮಾಡಿದ ರಾತ್ರಿಗಳಲ್ಲಿ ಬಲಪಕ್ಕೆಯ ಕೆಳಗೆ ಹಿಡಿದುಕೊಂಡು, ಬೆನ್ನ ಹಿಂದೆ ಹೆಗಲಿನವರೆಗೂ ಹರಿಯುವ ನೋವೆಂದು ಅಮ್ಮ ಏಳೆಂಟು ತಿಂಗಳಿನಿಂದ ಹೇಳುತ್ತಿದ್ದರು. ನಾವು ಅದಕ್ಕೆ ‘ಗ್ಯಾಸು’ ಎಂದು ಹೆಸರಿಟ್ಟು ನಿಶ್ಚಿಂತರಾಗಿದ್ದೆವು. ಅಜ್ಜಿ ಓಮಿನ ಕಾಳು ಕೊಟ್ಟರು, ಪಕ್ಕದ ಮನೆಯವರು ಜೀರಿಗೆ ಕಷಾಯ ಹೇಳಿದರು, ನಾನು ಮಹಾ ಬುದ್ಧಿವಂತನಂತೆ ಅಂಗಡಿಯಿಂದ ಸೋಡಾ ತಂದೆ. ಅಮ್ಮ ಒಂದು ಕೈಯಲ್ಲಿ ಪಕ್ಕೆ ಒತ್ತಿಕೊಂಡು ಇನ್ನೊಂದು ಕೈಯಲ್ಲಿ ರೊಟ್ಟಿ ತಿರುವುತ್ತಿದ್ದುದನ್ನು ಕಣ್ಣಾರೆ ಕಂಡಿದ್ದೇನೆ. ಅದೇ ನೋವು ತಂದೆಯವರಿಗೆ ಬಂದಿದ್ದರೆ ಮಾರನೆಯ ದಿನವೇ ಪಟ್ಟಣಕ್ಕೆ ಬಸ್ಸು ಹತ್ತುತ್ತಿದ್ದೆವು. ಇದನ್ನು ತಂದೆಯವರೇ ಈಗ ಒಪ್ಪುತ್ತಾರೆ. ಅಡಿಗೆ ನಡೆಯುತ್ತಿರುವ ತನಕ ಅಡಿಗೆ ಮಾಡುವವಳಿಗೆ ಕಾಯಿಲೆಯಿಲ್ಲವೆಂಬ ಲೆಕ್ಕ ನಮ್ಮ ಮನೆಯೊಂದರದೇ ಇರಲಾರದು. ಪಿತ್ತಕೋಶದ ಕಲ್ಲು ಹೆಂಗಸರಲ್ಲಿಯೇ ಹೆಚ್ಚೆಂದು ಆಮೇಲೆ ತಿಳಿದಾಗ ಈ ಲೆಕ್ಕ ಇನ್ನೂ ಕೆಟ್ಟದಾಗಿ ಕಂಡಿತು.

ಆ ರಾತ್ರಿ ವಾಂತಿಯಾಯಿತು, ಚಳಿಜ್ವರ ಬಂದಿತು. ನೀಳವಾಗಿ ಉಸಿರೆಳೆಯಲೂ ಆಗದಂತಾಯಿತು. ಮೊದಲು ಹೋದ ಕಡೆ ಸ್ಕ್ಯಾನಿಂಗ್ ಮಾಡಿ, “ಕಲ್ಲು ಸಿಕ್ಕಿಕೊಂಡಿದೆ, ತಡಮಾಡಬೇಡಿ” ಎಂದಷ್ಟೇ ಹೇಳಿ ಜಿಲ್ಲಾ ಕೇಂದ್ರದ ದಾರಿ ತೋರಿಸಿದರು. ಕಾರಿನಲ್ಲಿ ಆ ಎರಡು ಗಂಟೆ ಯಾರೂ ಮಾತಾಡಲಿಲ್ಲ. ಅಲ್ಲಿ ತಲುಪುವಷ್ಟರಲ್ಲಿ ಫೋನಿನ ಮೂಲಕ ಬಂಧುಬಳಗಕ್ಕೆಲ್ಲ ಸುದ್ದಿ ಮುಟ್ಟಿ, ಒಬ್ಬೊಬ್ಬರೂ ತಮಗೆ ತಿಳಿದ ಒಂದೊಂದು ಕೆಟ್ಟ ಕಥೆಯನ್ನು ಹೇಳತೊಡಗಿದರು. ರಾಜ್ಯಶಾಸ್ತ್ರದ ವಿದ್ಯಾರ್ಥಿಯಾದ ನನಗೆ ನನ್ನದೇ ಆದ ಕೆಟ್ಟ ಕಥೆಯೊಂದು ಬೇರೆ ನೆನಪಾಯಿತು. ಬ್ರಿಟನ್ನಿನ ಆಂಥೊನಿ ಈಡನ್ನರಿಗೆ ೧೯೫೩ರ ಏಪ್ರಿಲ್‌ನಲ್ಲಿ ಲಂಡನ್ನಿನಲ್ಲಿ ಇದೇ ಶಸ್ತ್ರಚಿಕಿತ್ಸೆ ನಡೆದಾಗ ಪಿತ್ತನಾಳಕ್ಕೆ ಪೆಟ್ಟಾಯಿತು, ಮತ್ತೊಮ್ಮೆ ಕೊಯ್ಯಬೇಕಾಯಿತು, ಕೊನೆಗೆ ಅಮೆರಿಕದ ಬಾಸ್ಟನ್ನಿಗೆ ಹೋಗಿ ಮೂರನೆಯ ಸಲ ಮಾಡಿಸಿಕೊಂಡರು. ೧೯೫೬ರ ಸೂಯೆಜ್ ಬಿಕ್ಕಟ್ಟಿನ ಕಾಲದಲ್ಲಿಯೂ ಅವರನ್ನು ಜ್ವರ ಕಾಡಿತು. ದೇಶದ ವಿದೇಶಾಂಗ ಸಚಿವನಿಗೇ ಹೀಗಾದರೆ ನಮ್ಮ ಅಮ್ಮನ ಗತಿಯೇನು? ಅರೆಬರೆ ಓದು ಕಷ್ಟಕಾಲದಲ್ಲಿ ಎಂತಹ ಗೆಳೆಯನೆಂಬುದು ಆಗ ಅರಿವಾಯಿತು.

ರಾತ್ರಿ ಹನ್ನೊಂದರ ಸುಮಾರಿಗೆ ತರುಣಿಯಾದ ವೈದ್ಯೆಯೊಬ್ಬರು ಬಂದು, ಚೀಟಿಯ ಹಿಂಬದಿಯಲ್ಲಿ ಪೆನ್ನಿನಿಂದ ಒಂದು ಚಿತ್ರ ಬರೆದರು. ಯಕೃತ್ತಿನ ಕೆಳಗೆ ಸಣ್ಣದೊಂದು ಮರಸೇಬಿನಾಕಾರದ ಚೀಲ. ಯಕೃತ್ತು ದಿನಕ್ಕೆ ಅರ್ಧ ಲೀಟರಿಗೂ ಮೇಲ್ಪಟ್ಟು ಪಿತ್ತರಸ ಮಾಡುತ್ತದೆ. ಈ ಚೀಲ ಅದರಲ್ಲಿ ೩೦ರಿಂದ ೫೦ ಮಿಲಿಲೀಟರಿನಷ್ಟನ್ನು ಗಟ್ಟಿಯಾಗಿಸಿ ಕೂಡಿಟ್ಟು, ಎಣ್ಣೆ ತುಪ್ಪದ ಊಟ ಬಂದಾಗ ಹಿಂಡಿಕೊಡುತ್ತದೆ. ರಸ ಹೆಪ್ಪುಗಟ್ಟಿ ಕಲ್ಲಾಗುವುದುಂಟು. ಕಲ್ಲಿದ್ದವರೆಲ್ಲರಿಗೂ ನೋವು ಬರುವುದಿಲ್ಲ. ಎಷ್ಟೋ ಜನ ಅದನ್ನು ಹೊತ್ತುಕೊಂಡೇ ಬದುಕು ಮುಗಿಸುತ್ತಾರೆ. ಆದರೆ ಕಲ್ಲು ಚೀಲದ ಕತ್ತಿನಲ್ಲಿ ಸಿಕ್ಕಿಕೊಂಡರೆ ಚೀಲ ಬಾತು, ಕೀವಾಗಿ, ಹಾಗೆಯೇ ಬಿಟ್ಟರೆ ಕೊಳೆತು ಒಡೆಯಲೂಬಹುದು. ಜಾರಿ ದೊಡ್ಡ ನಾಳಕ್ಕಿಳಿದರೆ ಕಾಮಾಲೆ. ಆದ್ದರಿಂದಲೇ ಕಾಯುವುದಕ್ಕಿಂತ ಬೇಗ ತೆಗೆಯುವುದು ಲೇಸು. ಹೊಟ್ಟೆಗೆ ಇಂಗಾಲದ ಡೈಆಕ್ಸೈಡ್ ಅನಿಲ ತುಂಬಿ, ನಾಲ್ಕು ಚಿಕ್ಕ ರಂಧ್ರಗಳ ಮೂಲಕ ಕ್ಯಾಮರಾ ಇಳಿಸಿ ಮಾಡುತ್ತೇವೆ. ಬಾವು ಹೆಚ್ಚಾಗಿದ್ದರೆ ಹೊಟ್ಟೆ ತೆರೆಯಬೇಕಾಗಬಹುದು, ಹಾಗೆ ತೆರೆದರೆ ಏನೋ ಕೆಟ್ಟಿತೆಂದು ತಿಳಿಯಬೇಡಿ ಎಂದರು. ನಾಳಕ್ಕೆ ಪೆಟ್ಟಾಗುವುದಿಲ್ಲವೇ ಎಂದು ಕೇಳಿದೆ. ನೂರರಲ್ಲಿ ಒಂದಕ್ಕಿಂತಲೂ ಕಡಿಮೆ, ಆದರೆ ಇಲ್ಲವೇ ಇಲ್ಲವೆಂದು ಹೇಳಲಾರೆ ಎಂದರು.

ಚೀಲವಿಲ್ಲದೆ ಬದುಕುವುದು ಹೇಗೆಂದು ತಂದೆಯವರು ಕೇಳಿದ್ದಕ್ಕೆ, ರಸ ನೇರವಾಗಿ ಕರುಳಿಗೆ ತೊಟ್ಟಿಕ್ಕುತ್ತದೆ, ಕುದುರೆಗೂ ಆನೆಗೂ ಹುಟ್ಟಾ ಪಿತ್ತಕೋಶವೇ ಇಲ್ಲ ಎಂದು ನಕ್ಕರು. ಮಂಚದ ಮೇಲಿಂದ ಅಮ್ಮ, “ಆನೆಗೇ ಬೇಡವಾದದ್ದು ನನಗೇಕೆ, ತೆಗೆದುಬಿಡಿ” ಎಂದರು.

ಈ ಮಾತುಕತೆಗೆ ಐದು ನಿಮಿಷ ಹಿಡಿದಿರಬಹುದು. ಭಯ ಹೋಯಿತೆಂದು ಹೇಳಲಾರೆ. ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡವೆಂಬುದು ತಿಳಿಯಿತು. ಈ ಐದು ನಿಮಿಷವನ್ನು ನಾವು ವೈದ್ಯರ ಸೌಜನ್ಯವೆಂದು ಭಾವಿಸಿ ಕೈಮುಗಿಯುತ್ತೇವೆ. ಅದು ಚಿಕಿತ್ಸೆಯ ಒಂದು ಭಾಗವೇ ಆಗಬೇಕೆಂಬುದು ನನ್ನ ವಾದ. ಬರ್ಲಿನ್ನಿನಲ್ಲಿ ಕಾರ್ಲ್ ಲಾಂಗೆನ್‌ಬುಖ್ ಮೊತ್ತಮೊದಲು ಪಿತ್ತಕೋಶವನ್ನು ತೆಗೆದದ್ದು ೧೮೮೨ರಲ್ಲಿ. ಜರ್ಮನಿಯವರೇ ಆದ ಎರಿಕ್ ಮ್ಯೂಹೆ ೧೯೮೫ರಲ್ಲಿ ರಂಧ್ರದ ಮೂಲಕ ತೆಗೆದು ತೋರಿಸಿದರೂ ಅಲ್ಲಿಯ ಪಂಡಿತರು ಮೊದಲು ಅವರನ್ನು ಹಳಿದರು. ಇಷ್ಟು ದೂರ ಸಾಗಿಬಂದ ವಿದ್ಯೆ, ಬಾಗಿಲ ಹೊರಗೆ ಕುಳಿತವನಿಗೆ ಎರಡು ಮಾತು ಹೇಳುವುದನ್ನು ಮಾತ್ರ ಮರೆತಿದೆ.

ಮರೆತಿದೆ ಎನ್ನಲು ಕಾರಣವುಂಟು. ಒಂದು ಗಂಟೆಯ ಕೆಲಸವೆಂದದ್ದು ಮಾರನೆಯ ದಿನ ಮೂರು ಗಂಟೆಯಾಯಿತು. ಬಾಗಿಲು ತೆರೆದಾಗಲೆಲ್ಲ ಎದ್ದು ನಿಂತೆವು. ಯಾರ ಮುಖವೂ ನಮ್ಮ ಕಡೆ ತಿರುಗಲಿಲ್ಲ. ತಂದೆಯವರು ಗಡಿಯಾರ ನೋಡುವುದನ್ನೇ ನಿಲ್ಲಿಸಿದರು. ಚೀಲ ಸುತ್ತಲಿನದಕ್ಕೆಲ್ಲ ಅಂಟಿಕೊಂಡಿದ್ದರಿಂದ ನಿಧಾನವಾಗಿ ಬಿಡಿಸಬೇಕಾಯಿತಂತೆ, ಅಷ್ಟೆ. ನಡುವೆ ಒಮ್ಮೆ ದಾದಿಯೊಬ್ಬರು ಬಂದು ಈ ಒಂದು ವಾಕ್ಯ ಹೇಳಿದ್ದರೆ ಸಾಕಾಗಿತ್ತು. ವೈದ್ಯರಿಗೆ ಬಿಡುವಿಲ್ಲ, ಒಬ್ಬೊಬ್ಬರ ಮುಂದೆ ನೂರಾರು ರೋಗಿಗಳು ಎಂಬುದು ನಿಜ, ಕಣ್ಣಿನಿಂದ ನೋಡಿದ್ದೇನೆ. ಹಾಗಾದರೆ ಆ ಚಿತ್ರವನ್ನೇ ಒಂದು ಪುಟ ಅಚ್ಚು ಹಾಕಿಸಿ ಕೊಡಲಿ. ಸಹಿ ಹಾಕುವ ಒಪ್ಪಿಗೆ ಪತ್ರ ಹಳ್ಳಿಯವನಿಗೂ ತಿಳಿಯುವ ಕನ್ನಡದಲ್ಲಿರಲಿ. ನಮ್ಮ ತಂದೆಯವರು ನಡುಗುವ ಕೈಯಲ್ಲಿ ಸಹಿ ಮಾಡಿದ ಕಾಗದದಲ್ಲಿ ಅವರಿಗೆ ತಿಳಿದದ್ದು ಅವರ ಹೆಸರು ಮಾತ್ರ.

ತಪ್ಪೆಲ್ಲ ಆಸ್ಪತ್ರೆಯದೆಂದು ಕೈತೊಳೆದುಕೊಳ್ಳುವುದೂ ಸರಿಯಲ್ಲ. ಹತ್ತನೆಯ ತರಗತಿಯಲ್ಲಿ ವಿಜ್ಞಾನವನ್ನು ಬಿಟ್ಟುಬಂದ ಕಲಾ ವಿದ್ಯಾರ್ಥಿಗಳಾದ ನಾವು, ದೇಹವೂ ವಿಜ್ಞಾನದವರ ಪಾಲಿನದೆಂದು ಬಿಟ್ಟುಬಂದಿದ್ದೇವೆ. ಸೂಯೆಜ್ ಕಾಲುವೆ ಎಲ್ಲಿದೆಯೆಂದು ನನಗೆ ಗೊತ್ತಿತ್ತು. ಅಮ್ಮನ ಪಿತ್ತನಾಳ ಎಲ್ಲಿದೆಯೆಂದು ಗೊತ್ತಿರಲಿಲ್ಲ.

ಅಮ್ಮ ಈಗ ಚೆನ್ನಾಗಿದ್ದಾರೆ. ತೆಗೆದ ಕಲ್ಲುಗಳನ್ನು ಸಣ್ಣ ಸೀಸೆಯಲ್ಲಿ ಹಾಕಿಕೊಟ್ಟಿದ್ದರು. ತಂಗಿ ಎಣಿಸಿದಳು, ೧೪. ಹುರುಳಿಕಾಳಿಗಿಂತ ತುಸು ದೊಡ್ಡವು, ಹಸಿರುಗಪ್ಪು ಬಣ್ಣದವು. ನಮ್ಮ ಸಂಘದ ವಿಶೇಷೋಪನ್ಯಾಸ ಮಾಲೆಯಲ್ಲಿ ವರ್ಷಕ್ಕೆ ಎರಡನ್ನಾದರೂ ವೈದ್ಯರಿಂದ ಕನ್ನಡದಲ್ಲಿ ಏರ್ಪಡಿಸಬೇಕೆಂದು, ಅದಕ್ಕೆ ತಾಯಂದಿರನ್ನೂ ಕರೆಯಬೇಕೆಂದು ಪ್ರಾಂಶುಪಾಲರಿಗೆ ಬರೆದುಕೊಟ್ಟಿದ್ದೇನೆ. ಇನ್ನೂ ಉತ್ತರ ಬಂದಿಲ್ಲ, ವಾರ್ಷಿಕೋತ್ಸವದ ಗಡಿಬಿಡಿಯಿರಬಹುದು.