ಗೃಹಾರೋಗ್ಯ: ಸಟವಿಯ ಬರಹವೂ ಮನೆಯವರ ಕೈಯೂ

ಬೀದರ ಸೀಮೆಯಲ್ಲಿ ಕೂಸು ಹುಟ್ಟಿದ ಐದನೆಯ ದಿನ, ಕೆಲವು ಮನೆಗಳಲ್ಲಿ ಆರನೆಯ ದಿನ, ರಾತ್ರಿಯೆಲ್ಲ ದೀಪವನ್ನು ಆರಗೊಡದೆ ಕಾಯುವ ರೂಢಿಯುಂಟು. ಆ ರಾತ್ರಿ ಸಟವಿ ತಾಯಿಯು ಬಂದು ಕೂಸಿನ ಹಣೆಯಲ್ಲಿ ಅದರ ಆಯುಸ್ಸನ್ನೂ ಭಾಗ್ಯವನ್ನೂ ಬರೆದು ಹೋಗುವಳೆಂಬುದು ಇಲ್ಲಿಯ ಕನ್ನಡಿಗರಿಗೂ ಅವರ ಮರಾಠಿ ನೆರೆಯವರಿಗೂ ಸಮಾನವಾದ ನಂಬಿಕೆ. ಇದನ್ನು ನಾವು ಹಾಸ್ಯಮಾಡಲಾರೆವು. ಹಿಂದಿನ ಕಾಲದಲ್ಲಿ ಕುಡುಗೋಲಿನಿಂದ ಹೊಕ್ಕಳುಬಳ್ಳಿಯನ್ನು ಕೊಯ್ದು, ಆ ಗಾಯಕ್ಕೆ ಬೂದಿಯನ್ನೋ ಸೆಗಣಿಯನ್ನೋ ಹಚ್ಚುತ್ತಿದ್ದರು. ಅದರಿಂದ ಧನುರ್ವಾಯು ತಗುಲಿದ ಕೂಸು ಮೊದಲೆರಡು ದಿನ ಚೆನ್ನಾಗಿ ಹಾಲುಂಡು, ಮೂರನೆಯ ದಿನದ ಮೇಲೆ ದವಡೆ ಕಚ್ಚಿ, ಮೈ ಸೆಟೆದು ತೀರಿಕೊಳ್ಳುತ್ತಿತ್ತು. ಐದನೆಯ ರಾತ್ರಿಯ ಭಯವು ಬರಿಯ ಕಲ್ಪನೆಯಾಗಿರಲಿಲ್ಲ. ಗರ್ಭಿಣಿಗೆ ಚುಚ್ಚುಮದ್ದು, ಶುಚಿಯಾದ ಅಲಗು, ತೊಳೆದ ಕೈ, ಇವು ಬಂದ ಮೇಲೆ ಆ ರೋಗವು ಹಿಮ್ಮೆಟ್ಟಿತು. 2015ರಲ್ಲಿ ಭಾರತವು ಅದನ್ನು ನಿವಾರಿಸಿತೆಂದು ವಿಶ್ವ ಆರೋಗ್ಯ ಸಂಸ್ಥೆಯು ಒಪ್ಪಿಕೊಂಡಿತು. ಸಟವಿಯು ತನ್ನ ಬರಹವನ್ನು ಬದಲಿಸಿದಳೆನ್ನುವಿರೋ, ಮನುಷ್ಯರು ತಮ್ಮ ಕೈಗಳನ್ನು ತೊಳೆದುಕೊಂಡರೆನ್ನುವಿರೋ, ಅದು ವಾಚಕರಿಗೆ ಬಿಟ್ಟದ್ದು.

ಆದರೆ ಇನ್ನೂ ಮನೆಯವರ ಕೈಯಲ್ಲಿಯೇ ಉಳಿದಿರುವ ಬರಹವು ಸಾಕಷ್ಟಿದೆ. ಭಾಲ್ಕಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಮಗೆ ಪರಿಚಿತವಾದ ಒಂದು ಮನೆಗೆ ನಾವು ಹೋದಾಗ, ಮಗಳು ಆಸ್ಪತ್ರೆಯಲ್ಲಿ ಹೆತ್ತು ಹಿಂದಿನ ದಿನವೇ ತವರಿಗೆ ಬಂದಿದ್ದಳು. ಕೂಸಿಗೆ ಮೊದಲ ಹಾಲನ್ನೇ ಉಣಿಸಬೇಕೆಂದು ದಾದಿಯು ಹೇಳಿ ಕಳುಹಿದ್ದಳಂತೆ. ಆದರೆ ಮನೆಗೆ ಬಂದ ಮೇಲೆ ಮನೆಯ ಕಾಯಿದೆಯೇ ಕಾಯಿದೆ. ಹಳದಿಯಾದ ದಪ್ಪ ಹಾಲನ್ನು ಹಿಂಡಿ ಚೆಲ್ಲಿ, ಬಟ್ಟೆಯ ಬತ್ತಿಯನ್ನು ಬೆಲ್ಲದ ನೀರಿನಲ್ಲಿ ಅದ್ದಿ ಕೂಸಿನ ಬಾಯಿಗೆ ಇಡುತ್ತಿದ್ದರು.

ನಾವು ಸಂಕೋಚದಿಂದಲೇ ಆ ಮಾತನ್ನೆತ್ತಿದೆವು. ಮನೆಯ ಆಯಿಯು, "ನೋಡ್ರಿ, ನಾ ಎಂಟು ಹಡದೀನಿ, ಮೂರು ಉಳದಾವ. ಉಳದದ್ದೆಲ್ಲ ಬೆಲ್ಲದ ನೀರು ಕುಡದೇ ಉಳದಾವ," ಎಂದಳು. ನಾವು ಮಾತನಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಆಕೆಯೇ, "ಹೋದವಕ್ಕೂ ಅದನ್ನೇ ಹಾಕಿದ್ದೆ," ಎಂದು ತಲೆಯ ಮೇಲಿನ ಸೆರಗನ್ನು ಸರಿಪಡಿಸಿಕೊಂಡಳು.

ಅಂಗಳದಲ್ಲಿ ದೇವಣಿ ಆಕಳೊಂದು ಹಿಂದಿನ ರಾತ್ರಿ ಕರು ಹಾಕಿತ್ತು. ಆಯಿಯು ಎದ್ದು ಹೋಗಿ, ನಿಲ್ಲಲಾರದೆ ತತ್ತರಿಸುತ್ತಿದ್ದ ಕರುವನ್ನು ತಾನೇ ಹಿಡಿದು ಕೆಚ್ಚಲಿಗೆ ಬಿಟ್ಟಳು. "ಆಯಿ, ಗಿಣ್ಣದ ಹಾಲು ಬಿಡದಿದ್ದರೆ ಕರು ಏನಾದೀತು?" ಎಂದು ನಾವು ಕೇಳಿದೆವು. "ಬದಕ್ತದೇನು ಅದು?" ಎಂದವಳು, ಹಾಗೆಯೇ ನಿಂತುಬಿಟ್ಟಳು. ನಾವು ಮತ್ತೇನನ್ನೂ ಹೇಳಬೇಕಾಗಲಿಲ್ಲ. ಸಂಜೆಗೆ ಬೆಲ್ಲದ ಬಟ್ಟಲು ಒಳಕ್ಕೆ ಹೋಗಿತ್ತು. ಕೂಸು ತಾಯಿಯ ಎದೆಯಲ್ಲಿತ್ತು.

ದೇವಣಿ ತಳಿಯನ್ನು ತಲೆತಲಾಂತರದಿಂದ ಸಾಕಿಬಂದ ಔರಾದ-ಭಾಲ್ಕಿಗಳ ಒಕ್ಕಲಿಗನು ಕರುವಿನ ವಿಷಯದಲ್ಲಿ ಬಲ್ಲುದನ್ನೇ ವೈದ್ಯಶಾಸ್ತ್ರವು ಕೂಸಿನ ವಿಷಯದಲ್ಲಿ ಹೇಳುವುದು. ಮೊದಲ ಎರಡು ಮೂರು ದಿನಗಳ ಹಳದಿ ಹಾಲು ಪ್ರಮಾಣದಲ್ಲಿ ಅಲ್ಪ. ಆದರೆ ರೋಗವನ್ನೆದುರಿಸುವ ಸತ್ತ್ವವೂ 'ಎ' ಜೀವಸತ್ತ್ವವೂ ಅದರಲ್ಲಿ ಹೇರಳ. ಹೊಸ ಕೂಸಿನ ಹೊಟ್ಟೆಯು ಬಹು ಚಿಕ್ಕದಾದುದರಿಂದ ಕೆಲವು ಚಮಚಗಳೇ ಅದಕ್ಕೆ ಸಾಕಾಗುವುವು. ಹುಟ್ಟಿದ ಒಂದು ಗಂಟೆಯೊಳಗೆ ಎದೆಗೆ ಹಾಕತಕ್ಕದ್ದು. ಕೂಸು ಚೀಪಿದಷ್ಟೂ ಹಾಲು ಊರುವುದು. ಬೆಲ್ಲದ ನೀರಿನಿಂದ ಹೊಟ್ಟೆ ತುಂಬಿದ ಕೂಸು ಚೀಪುವುದು ಕಡಿಮೆ. ಚೀಪದಿದ್ದರೆ ಹಾಲು ಕಡಿಮೆ. ಆ ಮೇಲೆ "ಹಾಲು ಸಾಲದು" ಎಂಬ ದೂರು ತಾಯಿಯ ಮೇಲೆ. ಅದರ ಹಿಂದೆ ಸೀಸೆ, ಸೀಸೆಯ ಹಿಂದೆ ಭೇದಿ. ತಪ್ಪು ಮೊದಲ ದಿನದ್ದು, ನಿಂದೆ ಮಾತ್ರ ಬಾಣಂತಿಯದು! ಜೇನುತುಪ್ಪವಂತೂ ವರ್ಷ ತುಂಬುವವರೆಗೆ ಸರ್ವಥಾ ಸಲ್ಲದು. ಎಳೆಯ ಕರುಳಿನಲ್ಲಿ ವಿಷವನ್ನು ಹುಟ್ಟಿಸುವ ಸೂಕ್ಷ್ಮಜೀವಿಯ ಬೀಜಗಳು ಅದರಲ್ಲಿರಬಹುದು.

ಆರು ತಿಂಗಳವರೆಗೆ ತಾಯಿಯ ಹಾಲಲ್ಲದೆ ಬೇರೇನೂ ಬೇಡ, ನೀರೂ ಬೇಡ. ನಮ್ಮ ಬೇಸಗೆಯ ಬಿಸಿಲಿನಲ್ಲಿ ಇದು ಕ್ರೌರ್ಯವೆಂದು ಹಿರಿಯರಿಗೆ ತೋರುವುದು ಸಹಜ. ಆದರೆ ಎದೆಹಾಲಿನಲ್ಲಿ ನೂರಕ್ಕೆ 88ರಷ್ಟು ನೀರೇ ಇರುವುದು. ಕುಡಿಯಬೇಕಾದವಳು ಬಾಣಂತಿ, ಆಕೆಗೆ ನೀರನ್ನು ಬಿಗಿಹಿಡಿಯುವ ರೂಢಿಯನ್ನು ಬಿಡತಕ್ಕದ್ದು. ಬೀದರದಲ್ಲಿ ಬಹಮನಿಯರ ಕಾಲದವರು ನೌಬಾದಿನ ಸುರಂಗ ಬಾವಿಗಳನ್ನು ತೋಡಿ, ನೆಲದೊಳಗಿನಿಂದಲೇ ನೀರನ್ನು ಹರಿಸಿಕೊಂಡರು. ಅಷ್ಟು ಕಷ್ಟದಿಂದ ತಂದ ನೀರಿನ ಬೆಲೆಯನ್ನು ಬಲ್ಲ ನಾಡಿನಲ್ಲಿ ಬಾಣಂತಿಯು ಬಾಯಾರಬಾರದು.

ಹಳೆಯ ರೂಢಿಗಳೆಲ್ಲ ಕೆಟ್ಟವೆಂದು ನಮ್ಮ ಮಾತಲ್ಲ. ಬಾಣಂತಿಗೆ ತವರಿನ ವಿಶ್ರಾಂತಿ, ಅಳವಿಯ ಪಾಯಸ, ಅಂಟಿನ ಉಂಡೆ, ಸಬ್ಬಸಿಗೆ ಸೊಪ್ಪು, ಇವು ಇರಲಿ. ಹಗುರಾದ ಕೈಯಿಂದ ಎಣ್ಣೆ ತಿಕ್ಕುವುದು ಒಳ್ಳೆಯದು. ಆದರೆ ಕಿವಿ ಮೂಗುಗಳಲ್ಲಿ ಎಣ್ಣೆಯನ್ನು ಬಿಡಬಾರದು. ಕಾಡಿಗೆಯನ್ನು ಕಣ್ಣಿಗೆ ತೀಡಬಾರದು. ಅಂಗಡಿಯ ಕೆಲವು ಕಾಡಿಗೆಗಳಲ್ಲಿ ಸೀಸವಿರುವುದು, ಮನೆಯ ಬೆರಳಿನಲ್ಲಿ ಕೊಳೆಯಿರುವುದು. ಲೋಬಾನದ ಹೊಗೆಯು ದೊಡ್ಡವರಿಗೆ ಸುವಾಸನೆ, ಕೂಸಿನ ಪುಪ್ಪುಸಕ್ಕೆ ಭಾರ. ಕಾಮಾಲೆಗೋ ಹೊಟ್ಟೆಯುಬ್ಬರಕ್ಕೋ ಬರೆ ಹಾಕುವುದನ್ನಂತೂ ನಾವು ಯಾವ ಮಾತಿನಿಂದಲೂ ಸಮರ್ಥಿಸಲಾರೆವು. ಮೈಯೆಲ್ಲ ಹಳದಿಗಟ್ಟಿದ ಅಥವಾ ಹಾಲು ಬಿಟ್ಟ ಕೂಸನ್ನು ಆ ದಿನವೇ ವೈದ್ಯರ ಬಳಿಗೆ ಒಯ್ಯಬೇಕು.

ಆರು ತಿಂಗಳು ತುಂಬಿದೊಡನೆ ಎದೆಹಾಲಿನ ಜೊತೆಗೆ ಅನ್ನವೂ ಬೇಕು. ಇಲ್ಲಿ ಎರಡನೆಯ ತಪ್ಪು ನಡೆಯುವುದು. ತೊಗರಿ, ಹೆಸರು, ಉದ್ದು, ಕಡಲೆಗಳನ್ನು ಬೆಳೆಯುವ ನಾಡು ನಮ್ಮದು. ಆದರೂ ಕೂಸಿಗೆ ಸಿಕ್ಕುವುದು ಬೇಳೆಯ ಮೇಲಿನ ತಿಳಿನೀರು. ಗಟ್ಟಿಯು ದೊಡ್ಡವರ ತಾಟಿಗೆ ಹೋಗುವುದು. ಚಮಚವನ್ನು ಓರೆಮಾಡಿದರೆ ಜಾರಿ ಬೀಳದಷ್ಟು ಮಂದವಾಗಿ ಬೇಳೆಯನ್ನೂ ಅನ್ನವನ್ನೂ, ಇಲ್ಲವೆ ಜೋಳದ ಅಂಬಲಿಯನ್ನೂ ಮಸೆದು, ಸ್ವಲ್ಪ ತುಪ್ಪ ಸೇರಿಸಿ, ಮೊದಲು ದಿನಕ್ಕೆ ಎರಡು ಮೂರು ಸಲ, ಒಂಬತ್ತು ತಿಂಗಳ ಮೇಲೆ ಮೂರು ನಾಲ್ಕು ಸಲ ಉಣಿಸಬೇಕು. ತಿನ್ನುವ ಮನೆಯವರು ತತ್ತಿಯನ್ನು ಕೊಡಲಿ. ಎದೆಹಾಲು ಎರಡು ವರ್ಷದವರೆಗೂ ನಡೆಯಲಿ.

ಭೇದಿಯಾದಾಗ ಅನ್ನ ನೀರುಗಳನ್ನು ನಿಲ್ಲಿಸುವುದು ಮೂರನೆಯ ತಪ್ಪು. ಕೂಸನ್ನು ಕೊಲ್ಲುವುದು ಭೇದಿಗಿಂತ ಹೆಚ್ಚಾಗಿ ಮೈಯ ನೀರು ಬತ್ತುವುದು. 1971ರಲ್ಲಿ ಬಂಗಾಲದ ಗಡಿಯ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ ಮಹಾಲನಬೀಸರು ಉಪ್ಪು-ಸಕ್ಕರೆಗಳ ನೀರನ್ನು ಕುಡಿಸಿಯೇ ಅಸಂಖ್ಯ ಕಾಲರಾ ರೋಗಿಗಳನ್ನು ಉಳಿಸಿದರು. ಆಸ್ಪತ್ರೆಯ ಪುಡಿಯು ಸಿಕ್ಕದಾಗ, ಕುದಿಸಿ ಆರಿಸಿದ ಒಂದು ಲೀಟರು ನೀರಿಗೆ ಸಮಮಟ್ಟದ ಆರು ಚಹದ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕಿ ಗುಟುಕು ಗುಟುಕಾಗಿ ಕುಡಿಸಬೇಕು, ಎದೆಹಾಲನ್ನು ಬಿಡಿಸಬಾರದು. ಕಣ್ಣು ಗುಳಿಬಿದ್ದರೆ, ಮಲದಲ್ಲಿ ರಕ್ತ ಕಂಡರೆ, ಕೂಸು ಕುಡಿಯಲಾರದಾದರೆ ತಡಮಾಡದೆ ವೈದ್ಯರನ್ನು ಕಾಣತಕ್ಕದ್ದು.

ಇವೆಲ್ಲ ಸಣ್ಣ ಮಾತುಗಳಲ್ಲ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಂದಿ ವಯಸ್ಸಿಗೆ ತಕ್ಕಷ್ಟು ಎತ್ತರವಿರಲಿಲ್ಲ. ಎಳೆಯ ಮಕ್ಕಳಲ್ಲಿ ನೂರಕ್ಕೆ 65ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆಯಿತ್ತು. 2021ರ ಡಿಸೆಂಬರಿನಲ್ಲಿ ಸರಕಾರವು ಶಾಲೆಯ ಊಟದೊಡನೆ ತತ್ತಿಯನ್ನೋ ಬಾಳೆಹಣ್ಣನ್ನೋ ಕೊಡತೊಡಗಿದ ಮೊದಲ ಏಳು ಜಿಲ್ಲೆಗಳಲ್ಲಿ ಬೀದರವೂ ಒಂದಾಗಿತ್ತು. ಅದು ಉಪಕಾರವೇ ಸರಿ. ಆದರೆ ಗರ್ಭದಿಂದ ಎರಡನೆಯ ಹುಟ್ಟುಹಬ್ಬದವರೆಗಿನ ಸುಮಾರು 1000 ದಿನಗಳಲ್ಲಿ ಕುಗ್ಗಿದ ಬೆಳವಣಿಗೆಯನ್ನು ಶಾಲೆಯ ವಯಸ್ಸಿನಲ್ಲಿ ಪೂರ್ತಿಯಾಗಿ ತುಂಬಿಕೊಡುವುದು ಕಷ್ಟ. ಅಂಗನವಾಡಿಗೆ ಒಯ್ದು ತಿಂಗಳಿಗೊಮ್ಮೆ ಕೂಸನ್ನು ತೂಗಿಸಬೇಕು. ಕೂಲಿಗಾಗಿ ಹೈದರಾಬಾದಿಗೋ ಪುಣೆಗೋ ಹೋಗುವವರು ತಾಯಿ ಕಾರ್ಡನ್ನು ಗಂಟಿನಲ್ಲಿ ಕಟ್ಟಿಕೊಂಡೇ ಹೋಗಲಿ. ಹೋದ ಊರಿನಲ್ಲಿ ಚುಚ್ಚುಮದ್ದು ತಪ್ಪದಿರಲಿ.

ಮೈಯಂತೆ ಬುದ್ಧಿಗೂ ಆಹಾರ ಬೇಕು. ಅದು ಮಾತು, ಜೋಗುಳ, ಮಡಿಲು. ನಮ್ಮ ಮಕ್ಕಳು ಅಂಗಳದಲ್ಲಿ ಕನ್ನಡವನ್ನು, ಬೀದಿಯಲ್ಲಿ ಮರಾಠಿ ಉರ್ದುಗಳನ್ನು, ತಾಂಡಾಗಳಲ್ಲಿ ಲಂಬಾಣಿಯನ್ನು ಕೇಳುತ್ತ ಬೆಳೆಯುವರು, ಇದರಿಂದ ಹಾನಿಯಿಲ್ಲ. ಹಾನಿಯಿರುವುದು ಮೌನದಲ್ಲಿ. ಕೂಸನ್ನೆತ್ತಿಕೊಳ್ಳುವುದು ಹೆಂಗಸರ ಕೆಲಸವೆಂದು ತಂದೆಯು ದೂರ ನಿಲ್ಲಬಾರದು.

ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ಈ ಲೇಖನವನ್ನು ಬಾಣಂತಿಗಿಂತ ಮೊದಲು ಮನೆಯ ಹಿರಿಯಳಿಗೆ ಓದಿ ಹೇಳಿರಿ. ಆಕೆಯನ್ನು ಅಜ್ಞಾನಿಯೆಂದು ಗದರಿಸಬೇಡಿರಿ. ಕಳೆದುಕೊಂಡ ಕೂಸುಗಳ ಲೆಕ್ಕ ಆಕೆಯ ಎದೆಯಲ್ಲಿದೆ. ಭಾಲ್ಕಿಯ ಆ ಆಯಿಯು ಈಗ ನೆರೆಮನೆಯ ಬಾಣಂತಿಯರಿಗೆ ಹಳದಿ ಹಾಲನ್ನು ಚೆಲ್ಲಗೊಡುವುದಿಲ್ಲವೆಂದು ನಮಗೆ ತಿಳಿದುಬಂದಿದೆ. ಐದನೆಯ ರಾತ್ರಿಯ ದೀಪವನ್ನೂ ಆಕೆ ಮೊದಲಿನಂತೆಯೇ ಹಚ್ಚುವಳಂತೆ. ಎರಡೂ ನಡೆಯಲಿ.

ಹಲ್ಲು ಹುಟ್ಟುವ ಕಾಲದ ವಿಚಾರವನ್ನು ಮುಂದಿನ ಸಂಚಿಕೆಯಲ್ಲಿ ಬರೆಯುವೆವು.