ಮಾಜಿ ಸೈನಿಕರ ವಾರ್ಷಿಕ ಸಮ್ಮಿಲನ: ಔತಣವೊಂದೇ ಸಾಲದು

ಪ್ರಾಚೀನ ಕರ್ನಾಟಕದಲ್ಲಿ ರಣರಂಗದಲ್ಲಿ ಮಡಿದ ವೀರನ ನೆನಪಿಗಾಗಿ ಕಲ್ಲು ನಿಲ್ಲಿಸುತ್ತಿದ್ದುದು ಸರ್ವವಿದಿತ. ಅಂತಹ ವೀರಗಲ್ಲುಗಳು ನಮ್ಮ ಹಳ್ಳಿಗಳ ಕೆರೆಯ ಏರಿಯ ಮೇಲೆ, ಗುಡಿಗಳ ಅಂಗಳದಲ್ಲಿ ಇಂದಿಗೂ ನಿಂತಿವೆ. ಆದರೆ ಇದರೊಡನೆ ರೂಢಿಯಲ್ಲಿದ್ದ ಇನ್ನೊಂದು ಪದ್ಧತಿಯನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಮಡಿದವನ ಕುಟುಂಬದ ಜೀವನೋಪಾಯಕ್ಕೆಂದು ಭೂಮಿಯನ್ನು ದತ್ತಿಯಾಗಿ ಬಿಡುತ್ತಿದ್ದರು. ಶಾಸನಗಳಲ್ಲಿ ಇದಕ್ಕೆ ‘ನೆತ್ತರುಗೊಡಗೆ’ ಎಂಬ ಹೆಸರಿದೆ. ಕಲ್ಲು ಸತ್ತವನ ಕೀರ್ತಿಗೆ, ಹೊಲ ಉಳಿದವರ ಬಾಳಿಗೆ. ಇವೆರಡೂ ಸೇರಿದಾಗಲೇ ಋಣ ತೀರಿತೆಂದು ನಮ್ಮ ಪೂರ್ವಿಕರು ಭಾವಿಸಿದ್ದರು. ಇಂದು ಅಲ್ಲಲ್ಲಿ ನಡೆಯುವ ಮಾಜಿ ಸೈನಿಕರ ವಾರ್ಷಿಕ ಸಮ್ಮಿಲನಗಳನ್ನು ಈ ಅಳತೆಗೋಲಿನಿಂದ ಅಳೆದು ನೋಡುವುದು ಅಗತ್ಯವೆಂದು ನಮ್ಮ ಅಭಿಪ್ರಾಯ.

ಸಮ್ಮಿಲನಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಪ್ರತಿಯೊಂದು ಪಲ್ಟನ್ನಿಗೂ ತನ್ನ ಸ್ಥಾಪನಾ ದಿನವುಂಟು. ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್, ಬೆಳಗಾವಿಯ ಮರಾಠಾ ಲಘು ಪದಾತಿದಳ, ವೆಲ್ಲಿಂಗ್ಟನ್ನಿನ ಮದ್ರಾಸ್ ರೆಜಿಮೆಂಟ್ ಮುಂತಾದ ಕೇಂದ್ರಗಳಿಗೆ ಹಳೆಯ ಯೋಧರು ದೂರದೂರುಗಳಿಂದ ಬಂದು ಸೇರುವುದುಂಟು. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ನಮ್ಮ ಮೈಸೂರು ಅಶ್ವದಳದ ಪ್ರತೀಕ. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದವರಲ್ಲಿ ಆ ದಳದವರೂ ಇದ್ದರು. ಇನ್ನು ಜನವರಿ 14 ರಾಷ್ಟ್ರಾದ್ಯಂತ ಆಚರಿಸಲ್ಪಡುವ ನಿವೃತ್ತ ಸೈನಿಕರ ದಿನ. 1949ರಲ್ಲಿ ಭಾರತೀಯ ಸೇನೆಯ ಪ್ರಥಮ ಭಾರತೀಯ ಮಹಾದಂಡನಾಯಕರಾದ ಕೊಡಗಿನ ಕೆ.ಎಂ. ಕಾರ್ಯಪ್ಪನವರು 1953ರಲ್ಲಿ ಸೇವೆಯಿಂದ ನಿವೃತ್ತರಾದುದು ಆ ದಿನವೇ. ಕನ್ನಡ ನಾಡಿಗೆ ಇದು ಅಭಿಮಾನದ ಸಂಗತಿ.

ಈ ಕೂಟಗಳಿಂದ ಪ್ರಯೋಜನವೇನೆಂದು ಕೇಳುವವರಿದ್ದಾರೆ. ಸಾಮಾನ್ಯ ಜವಾನನ ಬಾಳಿನ ಗತಿಯನ್ನು ಗಮನಿಸಿದರೆ ಉತ್ತರ ತಾನಾಗಿ ದೊರೆಯುತ್ತದೆ. ಹದಿಹರೆಯ ಮುಗಿಯುವ ಮುನ್ನವೇ ಸೈನ್ಯಕ್ಕೆ ಸೇರಿ, ಪಿಂಚಣಿಗೆ ಬೇಕಾದ 15 ವರ್ಷಗಳನ್ನೋ ಅದಕ್ಕೂ ತುಸು ಹೆಚ್ಚು ಕಾಲವನ್ನೋ ಕಳೆದು, ಇತರರು ವೃತ್ತಿಯಲ್ಲಿ ಬೇರೂರುವ ವಯಸ್ಸಿಗೆ ಅವನು ಸಮವಸ್ತ್ರ ಕಳಚುತ್ತಾನೆ. ಅನಂತರ ಮುಂಬಯಿಯ ಬ್ಯಾಂಕಿನ ಬಾಗಿಲಲ್ಲಿ, ಪುಣೆಯ ಕಾರ್ಖಾನೆಯ ಕಾವಲಿನಲ್ಲಿ, ಹೈದರಾಬಾದಿನ ಗೋದಾಮಿನಲ್ಲಿ ಎರಡನೆಯ ನೌಕರಿ. ಒಂದೇ ಕಂದಕದಲ್ಲಿ ರಾತ್ರಿ ಕಳೆದ ಸಂಗಾತಿಗಳು ದೇಶದ ನಾಲ್ಕು ದಿಕ್ಕಿಗೆ ಚದರಿರುತ್ತಾರೆ. ತನ್ನ ಅನುಭವವನ್ನು ವಿವರಿಸದೆಯೇ ಅರ್ಥಮಾಡಿಕೊಳ್ಳಬಲ್ಲವರು ನೆರೆಹೊರೆಯಲ್ಲಿ ಯಾರೂ ಇರುವುದಿಲ್ಲ. 1971ರ ಯುದ್ಧದಲ್ಲಿ ಇಪ್ಪತ್ತು ವರ್ಷದ ತರುಣನಾಗಿದ್ದವನು ಈಗ ಎಪ್ಪತ್ತನ್ನು ದಾಟಿದ ವೃದ್ಧ. ಅವನ ಮೌನವನ್ನು ಮನೆಯವರು ಸ್ವಭಾವವೆಂದು ತಿಳಿಯುತ್ತಾರೆ. ಅದು ಒಂಟಿತನವೂ ಆಗಿರಬಹುದು.

ಒಂಟಿತನ ಕೇವಲ ಮನಸ್ಸಿನ ಬೇಸರವಲ್ಲ. ಜನಸಂಪರ್ಕ ಕಡಿಮೆಯಾದವರಲ್ಲಿ ಹೃದ್ರೋಗ ಮತ್ತು ಪಾರ್ಶ್ವವಾಯುವಿನ ಅಪಾಯ ಹೆಚ್ಚೆಂದು ವೈದ್ಯಕೀಯ ಅಧ್ಯಯನಗಳು ತೋರಿಸಿವೆ. ಮರೆವಿನ ಕಾಯಿಲೆಯ ವಿಷಯದಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯ ತಜ್ಞ ಆಯೋಗವು 2024ರಲ್ಲಿ ಪಟ್ಟಿಮಾಡಿದ 14 ನಿವಾರಣಸಾಧ್ಯ ಕಾರಣಗಳಲ್ಲಿ ಸಾಮಾಜಿಕ ಏಕಾಂತವೂ ಒಂದು, ಕಿವುಡುತನವೂ ಒಂದು. ಫಿರಂಗಿಗಳ ಬಳಿ, ಟ್ಯಾಂಕುಗಳೊಳಗೆ ವರ್ಷಗಟ್ಟಲೆ ದುಡಿದವರ ಕಿವಿ ಮಂದವಾಗುವುದು ಸಹಜ. ಕಿವಿ ಕೇಳದವನು ಮಾತುಕತೆಯಿಂದ ಹಿಂದೆ ಸರಿಯುತ್ತಾನೆ. ಹಿಂದೆ ಸರಿದಷ್ಟೂ ಏಕಾಂಗಿಯಾಗುತ್ತಾನೆ. ವರ್ಷಕ್ಕೊಮ್ಮೆಯಾದರೂ ಹಳೆಯ ಸಂಗಾತಿ ಹೆಗಲ ಮೇಲೆ ಕೈಯಿಟ್ಟು, ಮರೆತುಹೋದ ಅಡ್ಡಹೆಸರಿನಿಂದ ಕರೆಯುವುದು ಈ ಸುಳಿಯಿಂದ ಹೊರಬರಲು ಒಂದು ಆಸರೆ.

ಹೀಗಿದ್ದರೂ ಅನೇಕ ಸಮ್ಮಿಲನಗಳ ಸ್ವರೂಪ ತೃಪ್ತಿಕರವಾಗಿಲ್ಲವೆಂದು ಹೇಳದೆ ವಿಧಿಯಿಲ್ಲ. ಪುಷ್ಪಗುಚ್ಛ, ಶಾಲು, ಮುಖ್ಯ ಅತಿಥಿಗಳ ದೀರ್ಘ ಭಾಷಣ, ಸಾಮೂಹಿಕ ಭಾವಚಿತ್ರ, ಬಳಿಕ ‘ಬಡಾ ಖಾನಾ’ ಮತ್ತು ಅದರೊಡನೆ ಕ್ಯಾಂಟೀನಿನ ರಮ್ಮು. ರಕ್ತದೊತ್ತಡ ಮತ್ತು ಮಧುಮೇಹದ ಮಾತ್ರೆಗಳನ್ನು ಜೇಬಿನಲ್ಲಿಟ್ಟುಕೊಂಡು ಬಂದವರಿಗೆ ಇದು ಎಂತಹ ಉಪಚಾರ? ಮಹಿಳೆಯರು ಸಭಾಂಗಣದ ಒಂದು ಮೂಲೆಯಲ್ಲಿ ಊಟದ ಕರೆಗಾಗಿ ಕಾದಿರುತ್ತಾರೆ. ಎಲ್ಲಕ್ಕಿಂತ ಶೋಚನೀಯವಾದುದು ಇನ್ನೊಂದಿದೆ. ಆಮಂತ್ರಣದ ಪಟ್ಟಿಯಿರುವುದು ಗಂಡಸರ ಹೆಸರಿನಲ್ಲಿ. ಹೆಸರಿನ ಮುಂದೆ ‘ದಿವಂಗತ’ ಎಂಬ ಪದ ಸೇರಿದೊಡನೆ ವಿಳಾಸವೂ ಪಟ್ಟಿಯಿಂದ ಜಾರುತ್ತದೆ. ಇಪ್ಪತ್ತು ವರ್ಷ ಗಂಡನೊಡನೆ ಬರುತ್ತಿದ್ದ ಹೆಣ್ಣುಮಗಳು ಇಪ್ಪತ್ತೊಂದನೆಯ ವರ್ಷ ಯಾರಿಗೂ ಬೇಡವಾಗುತ್ತಾಳೆ. ಯುದ್ಧದಲ್ಲಿ ಮಡಿದವನ ಪತ್ನಿಯನ್ನು ವೀರನಾರಿಯೆಂದು ವೇದಿಕೆಗೆ ಕರೆದು ಗೌರವಿಸುತ್ತೇವೆ, ಅದು ಯೋಗ್ಯವೇ. ಆದರೆ ಸೇವೆ ಮುಗಿಸಿ ಮನೆಗೆ ಬಂದು, ಕಾಯಿಲೆಯಿಂದ ತೀರಿಕೊಂಡವನ ಪತ್ನಿಗೆ ಹಿಂದಿನ ಸಾಲಿನಲ್ಲಾದರೂ ಒಂದು ಕುರ್ಚಿ ಬೇಡವೇ? ಅವನು ಗಡಿಯಲ್ಲಿದ್ದಷ್ಟು ಕಾಲವೂ ಮಕ್ಕಳನ್ನೂ ಅತ್ತೆಮಾವಂದಿರನ್ನೂ ಒಂಟಿಯಾಗಿ ಸಾಕಿದವಳು ಅವಳೇ ಅಲ್ಲವೇ?

ಆದುದರಿಂದ ಮೊದಲನೆಯ ಸುಧಾರಣೆ ಪಟ್ಟಿಯಿಂದಲೇ ಆರಂಭವಾಗಲಿ. ಆಮಂತ್ರಣವು ದಂಪತಿಗಳಿಬ್ಬರ ಹೆಸರಿನಲ್ಲಿರಲಿ. ಒಬ್ಬರು ಗತಿಸಿದರೆ ಇನ್ನೊಬ್ಬರಿಗೆ ಅದು ತಪ್ಪದೆ ಹೋಗಲಿ.

ಎರಡನೆಯದು ಕಾಗದಪತ್ರಗಳ ವಿಚಾರ. ಪಿಂಚಣಿ ಆದೇಶದಲ್ಲಿ ಪತ್ನಿಯ ಹೆಸರು ಒಂದು ಬಗೆ, ಆಧಾರ್ ಚೀಟಿಯಲ್ಲಿ ಇನ್ನೊಂದು ಬಗೆ, ಜನ್ಮದಿನಾಂಕವೂ ಹೊಂದುವುದಿಲ್ಲ. ಪತಿ ಬದುಕಿರುವಾಗ ಸುಲಭವಾಗಿ ತಿದ್ದಬಹುದಾದ ಇಂತಹ ದೋಷ, ಅವನ ಮರಣಾನಂತರ ಕುಟುಂಬ ಪಿಂಚಣಿಗೆ ಬೆಟ್ಟದಂತಹ ಅಡ್ಡಿಯಾಗುತ್ತದೆ. ಯುದ್ಧಕಾಲೇ ಶಸ್ತ್ರಾಭ್ಯಾಸವೆಂಬ ಮಾತು ಸೈನಿಕನ ಮನೆಯಲ್ಲೇ ನಿಜವಾಗಬಾರದು. 2003ರ ಏಪ್ರಿಲ್ 1ರಂದು ಜಾರಿಗೆ ಬಂದ ಮಾಜಿ ಸೈನಿಕರ ಅಂಶದಾಯಿ ಆರೋಗ್ಯ ಯೋಜನೆ, ಅಂದರೆ ಇ.ಸಿ.ಎಚ್.ಎಸ್., ಸದಸ್ಯನಿಗೂ ಪತ್ನಿಗೂ ಅರ್ಹ ಅವಲಂಬಿತರಿಗೂ ಚಿಕಿತ್ಸೆ ಒದಗಿಸುತ್ತದೆ. ಕುಟುಂಬ ಪಿಂಚಣಿ ಪಡೆಯುವ ವಿಧವೆಗೂ ಅದರಲ್ಲಿ ಹಕ್ಕುಂಟು. ಈಗ ಪಿಂಚಣಿಯ ವ್ಯವಹಾರ ‘ಸ್ಪರ್ಶ್’ ಎಂಬ ಗಣಕ ವ್ಯವಸ್ಥೆಗೆ ಸೇರಿದೆ. ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರ ಕೊಡಬೇಕು. ಇಂಗ್ಲಿಷನ್ನೂ ಗಣಕವನ್ನೂ ಅರಿಯದ ವೃದ್ಧೆಗೆ ಇದನ್ನೆಲ್ಲ ಮಾಡಿಕೊಡುವವರು ಯಾರು? ಸಮ್ಮಿಲನದ ದಿನ ಒಂದು ಮೇಜು, ಬಲ್ಲವರಿಬ್ಬರು, ಎರಡು ಗಂಟೆಯ ಕಾಲ—ಇಷ್ಟು ಸಾಕು.

ಮೂರನೆಯದು ಆರೋಗ್ಯ. ಔತಣಕ್ಕೆ ಮುನ್ನ ರಕ್ತದೊತ್ತಡ, ಸಕ್ಕರೆಯ ಅಂಶ, ಕಣ್ಣು, ವಿಶೇಷವಾಗಿ ಕಿವಿ, ಇವುಗಳ ತಪಾಸಣೆ ನಡೆಯಲಿ. ಗಂಡನ ಪರೀಕ್ಷೆಯಾದ ಕುರ್ಚಿಯಲ್ಲೇ ಹೆಂಡತಿಯೂ ಕುಳಿತುಕೊಳ್ಳಲಿ, ಏಕೆಂದರೆ ತನ್ನ ನೋವನ್ನು ಕೊನೆಯವರೆಗೂ ಮುಚ್ಚಿಡುವವಳು ಅವಳು. ನಿದ್ರೆಯಲ್ಲಿ ಬೆಚ್ಚುವುದು, ಕಾರಣವಿಲ್ಲದ ಸಿಡುಕು, ಮದ್ಯದ ಮೊರೆಹೋಗುವುದು, ಇವು ಅಂಜುಬುರುಕತನದ ಚಿಹ್ನೆಗಳಲ್ಲ. ಚಿಕಿತ್ಸೆಗೆ ಒಳಪಡುವ ತೊಂದರೆಗಳು. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ‘ಟೆಲಿ ಮಾನಸ್’ ಸೇವೆಯ 14416 ಸಂಖ್ಯೆಗೆ ಕರೆಮಾಡಿ ಯಾರಾದರೂ ಸಲಹೆ ಪಡೆಯಬಹುದು. ಈ ಸಂಖ್ಯೆಯನ್ನು ಆಮಂತ್ರಣ ಪತ್ರಿಕೆಯ ಹಿಂಬದಿಯಲ್ಲಿ ಮುದ್ರಿಸಲು ಖರ್ಚೇನೂ ಬೀಳುವುದಿಲ್ಲ.

ಸಂತೋಷದ ಕೂಟವನ್ನು ಆಸ್ಪತ್ರೆಯನ್ನೂ ಕಚೇರಿಯನ್ನೂ ಮಾಡಬೇಡಿ ಎಂದು ಕೆಲವರು ಆಕ್ಷೇಪಿಸಬಹುದು. ಹಾಡು, ಹರಟೆ, ನಗು ಇರಲೇಬೇಕು. ಅವೇ ಮೊದಲ ಔಷಧ. ಆದರೆ ದಿನದ ಮೊದಲೆರಡು ಗಂಟೆಗಳನ್ನು ಮೀಸಲಿಟ್ಟರೆ ಉಳಿದ ಸಂಭ್ರಮಕ್ಕೆ ಕುಂದೇನೂ ಬಾರದು. ಸುಬೇದಾರರೂ ಸಿಪಾಯಿಯೂ ಕರ್ನಲರೂ ಒಂದೇ ಸಾಲಿನಲ್ಲಿ ಕುಳಿತು ರಕ್ತದೊತ್ತಡ ಅಳೆಸಿಕೊಂಡರೆ, ಭಾಷಣದಿಂದ ಬಾರದ ಸಮಾನತೆ ಅಲ್ಲಿ ಬಂದೀತು.

ಹೊರನಾಡಿನ ಕನ್ನಡ ಸಂಘಗಳಿಗೂ ಇಲ್ಲಿ ಕರ್ತವ್ಯವುಂಟು. ರೆಜಿಮೆಂಟಿನ ಕೇಂದ್ರ ನೂರಾರು ಮೈಲಿ ದೂರ. ಎಂಬತ್ತರ ಪ್ರಾಯದವರು ರೈಲು ಹತ್ತಲಾರರು. ಮಹಾನಗರದಲ್ಲಿ ತಾಯ್ನುಡಿಯಲ್ಲಿ ಅವರನ್ನು ಮಾತನಾಡಿಸಬಲ್ಲವರು ನಾವೇ. ಜನವರಿ 14ರ ಆಸುಪಾಸಿನಲ್ಲೇ ನಮ್ಮ ಸಂಕ್ರಾಂತಿ. ಸಂಘಗಳೆಲ್ಲ ಎಳ್ಳುಬೆಲ್ಲ ಹಂಚಿ, ಮುತ್ತೈದೆಯರಿಗೆ ಅರಿಸಿನ ಕುಂಕುಮ ಕೊಡುವ ಕಾಲ. ದೇಶವು ತನ್ನ ಸೈನಿಕರನ್ನು ಸ್ಮರಿಸುವ ಅದೇ ದಿನಗಳಲ್ಲಿ, ಸೈನಿಕನ ವಿಧವೆಯನ್ನು ಮಾತ್ರ ಸಂಪ್ರದಾಯದ ಹೆಸರಿನಲ್ಲಿ ಮನೆಯೊಳಗೆ ಕೂರಿಸುವುದು ನಮಗೆ ಶೋಭೆಯಲ್ಲ. ಪ್ರತಿಯೊಂದು ಸಂಘವೂ ತನ್ನ ಸದಸ್ಯರಲ್ಲಿರುವ ಮಾಜಿ ಸೈನಿಕರ ಮತ್ತು ಅವರ ವಿಧವೆಯರ ಪಟ್ಟಿಯೊಂದನ್ನು ಸಿದ್ಧಪಡಿಸಿ, ಬರುವ ಸಂಕ್ರಾಂತಿಯ ಸಮಾರಂಭಕ್ಕೆ ಅವರನ್ನು ವಾಹನ ಕಳುಹಿಸಿ ಕರೆತರಲಿ; ಮೊದಲ ಹಿಡಿ ಎಳ್ಳುಬೆಲ್ಲವನ್ನು ಆ ತಾಯಂದಿರ ಕೈಗೆ ನೀಡಲಿ. ಕಾರ್ಯಕಾರಿ ಸಮಿತಿಗಳು ಮುಂದಿನ ಸಭೆಯಲ್ಲೇ ಈ ವಿಷಯವನ್ನು ಕೈಗೆತ್ತಿಕೊಳ್ಳುವುವೆಂದು ಆಶಿಸೋಣ.