ಯಾರ ಅಳತೆಯ ಅಂಗಿ?

ಸ್ಪರ್ಧೆ ಎಂದೊಡನೆ ನಮ್ಮ ದೃಷ್ಟಿ ಬಹುಮಾನದ ಕಡೆಗೆ ಹೊರಳುವುದು ಸಹಜ. ಓಟದಲ್ಲಿ ಮೊದಲು ಗೆರೆ ಮುಟ್ಟಿದವರಿಗೆ, ಭಾಷಣದಲ್ಲಿ ಸಭೆಯನ್ನು ಒಲಿಸಿಕೊಂಡವರಿಗೆ ಬಹುಮಾನ ಸಲ್ಲುತ್ತದೆ. ಅಲ್ಲಿಗೆ ಆ ಸ್ಪರ್ಧೆಯ ಕಥೆ ಮುಗಿಯಿತು. ಹೊಲಿಗೆಯ ಸ್ಪರ್ಧೆ ಹಾಗಲ್ಲ. ಬಹುಮಾನ ಹಂಚಿ, ಚಪ್ಪರ ಬಿಚ್ಚಿ, ಜನರೆಲ್ಲ ಮನೆಗೆ ಹೋದ ಮೇಲೆಯೂ ಅಲ್ಲಿ ಹೊಲಿದ ಬಟ್ಟೆ ಉಳಿದಿರುತ್ತದೆ. ಅದನ್ನು ಯಾರಾದರೂ ತೊಡಬೇಕು, ಒಗೆಯಬೇಕು, ಹರಿಯುವವರೆಗೆ ಬಾಳಿಸಬೇಕು. ಆದುದರಿಂದ ಅದರ ಗುಣವನ್ನು ಅಳೆಯುವ ಬಗೆಯೂ ಬೇರೆಯಾಗಿರಬೇಕೆಂಬುದು ನನ್ನ ಅಭಿಪ್ರಾಯ.

ತುಮಕೂರು ಜಿಲ್ಲೆಯಲ್ಲಿ ಮಧುಗಿರಿಯಿಂದ ಸಿರಾ ಕಡೆಗೆ ಹೋಗುವ ದಾರಿಯಲ್ಲಿ ಬಡವನಹಳ್ಳಿ ಎಂಬ ಊರಿದೆ. ಹೆಸರಿನಲ್ಲಿ ಬಡವನಿದ್ದಾನೆಂದು ಊರಿನವರೆಲ್ಲ ಬಡವರೆಂದು ತಿಳಿಯಬೇಕಾಗಿಲ್ಲ. ಆದರೂ ಇದು ಮಳೆಯ ಮುಖ ನೋಡಿ ರಾಗಿ, ಕಡಲೆಕಾಯಿ ಬಿತ್ತುವ ಸೀಮೆ. ಕಾಸನ್ನು ಎಣಿಸಿ ಖರ್ಚು ಮಾಡುವ ಸೀಮೆ. 2000–01ರಲ್ಲಿ ಸ್ತ್ರೀಶಕ್ತಿ ಯೋಜನೆ ಆರಂಭವಾದ ಮೇಲೆ ನಮ್ಮ ಹಳ್ಳಿಗಳಲ್ಲಿ ಹೆಂಗಸರ ಗುಂಪುಗಳು ಬೇರುಬಿಟ್ಟವು. ಉಳಿತಾಯದ ಹಣದಲ್ಲಿ ಹೊಲಿಗೆಯಂತ್ರ ಕೊಂಡವರೂ ಉಂಟು. ಬಡವನಹಳ್ಳಿಯ ಸುತ್ತಿನ ಹಳ್ಳಿಯೊಂದರಲ್ಲಿ, ಮನೆಯಲ್ಲಿಯೇ ಹೊಲಿಗೆ ಕಲಿತ ಹೆಂಗಸರಿಗಾಗಿ ಏರ್ಪಡಿಸಿದ್ದ ಸ್ಪರ್ಧೆಯೊಂದನ್ನು ನೋಡುವ ಅವಕಾಶ ಕೆಲವು ವರ್ಷಗಳ ಹಿಂದೆ ನನಗೆ ಒದಗಿತ್ತು.

ಮೊದಲ ಬಹುಮಾನ ಪುಟ್ಟ ಹುಡುಗಿಯ ಫ್ರಾಕೊಂದಕ್ಕೆ ಬಂದಿತು. ನೆರಿಗೆಯ ಮೇಲೆ ನೆರಿಗೆ, ಅಂಚಿಗೆ ಮಿರುಗುವ ಪಟ್ಟಿ, ಎದೆಯ ಮೇಲೆ ಮಣಿಗಳ ಸಾಲು. ನೋಡಲು ಚೆಲುವಾಗಿತ್ತೆಂಬುದರಲ್ಲಿ ಸಂದೇಹವಿಲ್ಲ. ಅದನ್ನು ಯಾವ ಮಗುವಿನ ಅಳತೆಗೆ ಹೊಲಿದದ್ದೆಂದು ವಿಚಾರಿಸಿದೆ. ಯಾವ ಮಗುವಿಗೂ ಅಲ್ಲ, ಸ್ಪರ್ಧೆಗೆಂದು ಹೊಲಿದದ್ದು ಎಂಬ ಉತ್ತರ ಬಂದಿತು. ಮೇಜಿನ ಇನ್ನೊಂದು ತುದಿಯಲ್ಲಿ ಮಾಸಲು ಬಣ್ಣದ ರವಿಕೆಯೊಂದು ಮಡಿಸಿಟ್ಟಂತೆಯೇ ಉಳಿದಿತ್ತು. ಅದರ ಬಲಹೆಗಲಿನ ಹೊಲಿಗೆಯನ್ನು ಕೊರಳಿನಿಂದ ತೋಳಿನ ಅಂಚಿನವರೆಗೂ ತೆರೆದಿಟ್ಟು, ಒಳಗೆ ಪಟ್ಟಿ ಕೊಟ್ಟು, ಸಾಲಾಗಿ ಒತ್ತುಗುಂಡಿಗಳನ್ನು ಕೂಡಿಸಿದ್ದರು. “ನಮ್ಮತ್ತೆಯೋರಿಗೆ ಬಲಗೈ ಮೇಲಕ್ಕೆ ಏಳೋದಿಲ್ಲ ಮೇಷ್ಟ್ರೇ. ರವಿಕೆ ತೊಡಿಸೋವಾಗ ನೋವಿಗೆ ಅಳೋರು. ಈಗ ಕೈ ಎತ್ತಿಸದೇನೇ ತೊಡಿಸ್ತೀನಿ” ಎಂದು ಅದನ್ನು ಹೊಲಿದ ಸೊಸೆ ಹೇಳಿದಳು. ತೀರ್ಪುಗಾರರ ಅಂಕಪಟ್ಟಿಯಲ್ಲಿ ಅಂದ, ಅಚ್ಚುಕಟ್ಟು, ಹೊಸತನ ಎಂಬ ಮೂರು ಕಲಮುಗಳಿದ್ದವು. ತೊಡುವವರು ಯಾರು ಎಂಬುದಕ್ಕೆ ಕಲಮಿರಲಿಲ್ಲ.

ತೊಡುವವರನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳದೆ ಹೊಲಿದದ್ದು ನನ್ನ ಮಟ್ಟಿಗೆ ಇನ್ನೂ ಉಡುಪಾಗಿಲ್ಲ. ಅದು ಹೊಲಿಗೆ ಹಾಕಿದ ಬಟ್ಟೆ ಮಾತ್ರ. ಏಕೆಂದರೆ ಹೊಲಿಗೆಯಲ್ಲಿ ಕತ್ತರಿ ಆಡಿಸುವ ಮೊದಲೇ ಮುಕ್ಕಾಲು ಕೆಲಸ ಮುಗಿದಿರಬೇಕಾಗುತ್ತದೆ. ಹತ್ತಿಯ ಹೊಸ ಬಟ್ಟೆ ಮೊದಲ ಒಗೆತಕ್ಕೆ ಕುಗ್ಗುವುದರಿಂದ, ಬಲ್ಲವರು ಅದನ್ನು ನೀರಿನಲ್ಲಿ ನೆನೆಸಿ, ಒಣಗಿಸಿ, ಆಮೇಲೆ ಅಳೆಯುತ್ತಾರೆ. ನೆಯ್ದ ಬಟ್ಟೆಯಲ್ಲಿ ಹಾಸು, ಹೊಕ್ಕು ಎಂದು ಎರಡು ಬಗೆಯ ಎಳೆಗಳಿರುತ್ತವೆ. ಮಗ್ಗದ ಮೇಲೆ ಬಿಗಿಯಾಗಿ ಎಳೆದು ಕಟ್ಟಿದ ಹಾಸಿನ ಎಳೆ ಹೆಚ್ಚು ಹಿಗ್ಗುವುದಿಲ್ಲ. ಅದಕ್ಕೆಂದೇ ಅಂಗಿಯ ಉದ್ದವನ್ನು ಸಾಮಾನ್ಯವಾಗಿ ಹಾಸಿನ ಗುಂಟ ಇಡುತ್ತಾರೆ. ಎರಡಕ್ಕೂ ಓರೆಯಾಗಿ ಕತ್ತರಿಸಿದ ಪಟ್ಟಿಯಾದರೋ ಎಳೆದಂತೆಲ್ಲ ಬಳುಕುತ್ತದೆ. ಕೊರಳಿನ ದುಂಡಿಗೆ ಸುಕ್ಕಿಲ್ಲದೆ ಕೂರುವುದು ಈ ಓರೆಪಟ್ಟಿಯೇ. ಬೆಳೆಯುವ ಹುಡುಗಿಯ ಲಂಗದ ಕೆಳಭಾಗದಲ್ಲಿ ಎರಡು ಮಡಿಕೆ ಹಿಡಿದು ಹೊಲಿದಿದ್ದರೆ, ವರ್ಷಕ್ಕೊಂದನ್ನು ಬಿಚ್ಚಿ ಅದೇ ಲಂಗವನ್ನು ಮೂರು ವರ್ಷ ತೊಡಿಸಬಹುದು. ಆ ಮಡಿಕೆ ಹಿಡಿಯುವವಳು ಇಂದಿನ ಮಗುವನ್ನಷ್ಟೇ ಅಲ್ಲ, ಮುಂದಿನ ವರ್ಷದ ಮಗುವನ್ನೂ ಕಣ್ಣಿನಲ್ಲಿಯೇ ಅಳೆದಿರುತ್ತಾಳೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಸಂಸಾರಕ್ಕೆ ಒಪ್ಪುವುದೇನೋ ಸರಿ. ಸೂಜಿ ಹಿಡಿದವರ ಗಾದೆ ಕಾಲಿದ್ದಷ್ಟು ಹಾಸಿಗೆ ಎಂದಿರಬೇಕು.

ಯಾರಿಗೆಂದು ಗೊತ್ತಿಲ್ಲದ ಬಟ್ಟೆಯ ಪಾಡನ್ನು ನೋಡಬೇಕಾದರೆ ನಮ್ಮ ಮನೆಗಳಲ್ಲಿರುವ ರವಿಕೆಕಣಗಳನ್ನು ನೋಡಬೇಕು. ಅರಿಸಿನ ಕುಂಕುಮದೊಡನೆ ಬಂದ ಕಣ ಪೆಟ್ಟಿಗೆ ಸೇರುತ್ತದೆ. ಗೌರಿಹಬ್ಬಕ್ಕೆ ಬಾಗಿನದ ಮೊರದಲ್ಲಿ ಕುಳಿತು ಬೇರೆ ಮನೆಗೆ ಹೋಗುತ್ತದೆ. ಅಲ್ಲಿಂದ ಮತ್ತೊಂದು ಮನೆಗೆ. ಕೊಟ್ಟವರ ಮನೆಗೇ ತಿರುಗಿ ಬಂದ ಕಣಗಳೂ ಉಂಟೆಂದು ಹೆಂಗಸರು ನಗುತ್ತಾರೆ. ಊರೆಲ್ಲ ಸುತ್ತಿದರೂ ಅದಕ್ಕೆ ಸೂಜಿಯ ಮುಖ ನೋಡುವ ಯೋಗವಿಲ್ಲ.

ಸೂಜಿಯ ಕೆಲಸ ಹೆಂಗಸರದೆಂದು ಮೂಗು ಮುರಿಯುವ ಹುಡುಗರು ಈ ಪಾಠವನ್ನು ಓದುತ್ತಿರಬಹುದು. 12ನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬಾತನಿದ್ದ. ಆತ ತನ್ನ ಕಾಯಕವನ್ನೇ ಹೆಸರಿನಲ್ಲಿ ಧರಿಸಿದ್ದ. ಅಷ್ಟು ದೂರವೇಕೆ, ನಿಮ್ಮ ಊರಿನ ದರ್ಜಿಯ ಅಂಗಡಿಯಲ್ಲಿ ಯಂತ್ರ ತುಳಿಯುತ್ತಿರುವವರು ಯಾರೆಂದು ನೋಡಿ ಬನ್ನಿ. ಕೂಲಿ ಬರುವ ಕಡೆ ಸೂಜಿ ಗಂಡಸರದು, ಕೂಲಿ ಇಲ್ಲದ ಕಡೆ ಹೆಂಗಸರದು ಎಂಬ ಹಂಚಿಕೆಯನ್ನು ಯಾರು ಮಾಡಿದರೋ!

ಯಂತ್ರಗಳ ಬಗೆಗೆ ಬಹಳ ಸಂಶಯವುಳ್ಳವರಾಗಿದ್ದ ಗಾಂಧೀಜಿಯವರು ಹೊಲಿಗೆಯಂತ್ರಕ್ಕೆ ಮಾತ್ರ ವಿನಾಯಿತಿ ನೀಡಿದ್ದರು. 1924ರ ‘ಯಂಗ್ ಇಂಡಿಯಾ’ದಲ್ಲಿ ಅಚ್ಚಾದ ಸಂಭಾಷಣೆಯೊಂದರಲ್ಲಿ, ಹೆಂಡತಿ ಕೈಯಲ್ಲಿ ಹೊಲಿದು ದಣಿಯುವುದನ್ನು ನೋಡಲಾರದೆ ಸಿಂಗರ್ ಈ ಯಂತ್ರವನ್ನು ರೂಪಿಸಿದನೆಂದು ಅವರು ಹೇಳುತ್ತಾರೆ. ಚರಿತ್ರೆಯ ದೃಷ್ಟಿಯಿಂದ ಈ ಕಥೆಯನ್ನು ಪೂರ್ತಿ ನಂಬಲಾಗದು. ಸಿಂಗರ್ ತನ್ನ ಯಂತ್ರಕ್ಕೆ ಪೇಟೆಂಟು ಪಡೆದದ್ದು 1851ರಲ್ಲಿ. ಅದಕ್ಕೂ ಮುಂಚೆ, 1846ರಲ್ಲಿಯೇ, ಅಮೆರಿಕದ ಎಲಿಯಾಸ್ ಹೋವ್ ಎಂಬಾತ ತನ್ನ ಹೊಲಿಗೆಯಂತ್ರಕ್ಕೆ ಪೇಟೆಂಟು ಪಡೆದಿದ್ದ. ಆದರೆ ಗಾಂಧೀಜಿಯವರ ಆಶಯ ಸ್ಪಷ್ಟವಾಗಿದೆ. ಯಂತ್ರದ ಹಿಂದೆ ಒಬ್ಬ ವ್ಯಕ್ತಿಯ ಮೇಲಣ ಕಾಳಜಿ ಇರಬೇಕೆಂಬುದೇ ಅದು. ಇಂದು ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ದಿನವಿಡೀ ಕಾಲರನ್ನೇ ಹೊಲಿಯುವ ಹೆಣ್ಣುಮಗಳಿಗೆ ಆ ಕಾಲರು ಯಾರ ಕೊರಳನ್ನು ಸುತ್ತುವುದೋ ತಿಳಿಯದು. ಅವಳ ಹೊಟ್ಟೆಪಾಡನ್ನು ನಾನು ಹಳಿಯುತ್ತಿಲ್ಲ. ಮನೆಯ ಯಂತ್ರದ ಮುಂದೆ ಕುಳಿತವಳಿಗೆ ಆ ಕೊರಳು ಗೊತ್ತಿದೆ. ಗೊತ್ತಿದ್ದೂ ಅದನ್ನು ಮರೆಯುವಂತೆ ಸ್ಪರ್ಧೆ ಅವಳನ್ನು ಪ್ರೇರೇಪಿಸಬಾರದೆಂಬುದಷ್ಟೇ ನನ್ನ ಮಾತು.

ಹಾಗಾದರೆ ಅಂದಚೆಂದ ಬೇಡವೆ? ಖಂಡಿತ ಬೇಕು. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರಗಳ ಕಡೆ ಸಿದ್ದಿ ಜನಾಂಗದ ಹೆಂಗಸರು ಹಳೆಯ ಸೀರೆ, ಅಂಗಿಗಳ ಚೂರುಗಳಿಂದ ಕೌದಿ ಹೊಲಿಯುತ್ತಾರೆ. ಅಂಚಿನಿಂದ ಆರಂಭಿಸಿ ಸುತ್ತುಸುತ್ತಾಗಿ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗಳಿಗೆ ‘ಫೂಲ’ ಎಂಬ, ಹೂವಿನ ಹೆಸರಿನ ಮಡಿಕೆಯ ಚೂರುಗಳನ್ನು ಸೇರಿಸದಿದ್ದರೆ ಕೌದಿ ಬೆತ್ತಲೆಯಾಗಿದೆ ಎಂದೇ ಅವರ ಭಾವನೆ. ಮಲಗುವವರಿಗೆ ಬೆಚ್ಚಗಿರಲೆಂದು ಹೊಲಿದದ್ದಕ್ಕೇ ಹೂವೂ ಬೇಕು. ಅಲ್ಲಿ ಚೆಲುವು ಉಪಯೋಗದ ಬೆನ್ನ ಹಿಂದೆ ನಡೆದು ಬರುತ್ತದೆ.

ಅಂದಿನ ಸ್ಪರ್ಧೆ ಮುಗಿದ ಮೇಲೆ, ಮುಂದಿನ ಸಲ ಏನು ಹೊಲಿಯಬೇಕೆಂಬ ಮಾತು ಬಂದಿತು. ಚೂಡಿದಾರ, ಕಸೂತಿಯ ದಿಂಬು, ಮದುವೆಯ ರವಿಕೆ ಎಂದು ಒಬ್ಬೊಬ್ಬರು ಒಂದೊಂದು ಹೇಳಿದರು. ನಾನು ಹೊಲದ ಕಡೆ ಕೈತೋರಿಸಿದೆ. ಅಲ್ಲಿ ಕಳೆ ಕೀಳುತ್ತಿದ್ದ ಹೆಂಗಸರೆಲ್ಲರೂ ಸೀರೆಯ ಮೇಲೆ ಗಂಡಸರ ಹಳೆಯ ತುಂಬುತೋಳಿನ ಅಂಗಿಯನ್ನು ತೊಟ್ಟಿದ್ದರು. ಕರ್ನಾಟಕದ ಯಾವ ಬಯಲಿಗೆ ಹೋದರೂ ಈ ನೋಟ ಕಾಣುತ್ತದೆ. ಬಿಸಿಲಿಗೆ, ಮುಳ್ಳಿಗೆ, ಬೆಳೆಯ ಸುಂಕಿಗೆ ಅಂಗಿ ಬೇಕೇ ಬೇಕು. ಆದರೆ ಅದು ಗಂಡನ ಹೆಗಲಿನ ಅಳತೆಯದು. ಹೆಗಲು ಜಾರಿ ತೋಳಿನ ಮೇಲೆ ಬೀಳುತ್ತದೆ. ತೋಳು ಉದ್ದವಾಗಿ ಕೆಸರಿಗೆ ಇಳಿಯುತ್ತದೆ. ಬಾಗಿದೊಡನೆ ಎದೆಯ ಜೇಬಿನಲ್ಲಿದ್ದದ್ದೆಲ್ಲ ನೆಲಕ್ಕೆ ಉದುರುತ್ತದೆ. ಬಿತ್ತನೆಯಿಂದ ಕೊಯ್ಲಿನವರೆಗೆ ಹೊಲದಲ್ಲಿ ಬಾಗಿರುವವಳಿಗಾಗಿ ಒಂದು ಉಡುಪನ್ನು ಯೋಚಿಸಬೇಕೆಂದು ನಮ್ಮಲ್ಲಿ ಹೆಚ್ಚು ಜನರಿಗೆ ತೋಚದಿರುವುದು ನನಗೆ ಆಶ್ಚರ್ಯವಲ್ಲ, ಸಂಕಟ. ಮದುವೆಯ ಒಂದು ದಿನದ ರವಿಕೆಗೆ ನೂರು ನಮೂನೆಗಳಿವೆ. ದಿನವೂ ದುಡಿಯುವಾಗ ತೊಡುವ ಅಂಗಿಗೆ ಆ ಭಾಗ್ಯವಿಲ್ಲ.

ಈ ಮಾತಿಗೆ ಮೊದಲು ನಗು ಬಂದಿತು. ಆಮೇಲೆ ಲೆಕ್ಕಾಚಾರ ಆರಂಭವಾಯಿತು. ಬಟ್ಟೆ ತೆಳುವಾದ ಹತ್ತಿಯದಾಗಿರಬೇಕು, ಬೆವರು ಹೀರಬೇಕು. ಬೆನ್ನಿನಲ್ಲಿ ಎರಡು ನೆರಿಗೆ ಕೊಟ್ಟರೆ ಕೈ ಮುಂದೆ ಚಾಚುವಾಗ ಬಿಗಿಯುವುದಿಲ್ಲ. ಕುಕ್ಕರಗಾಲಿನಲ್ಲಿ ಕೂರಲು ಎರಡೂ ಪಕ್ಕ ಸೀಳಿರಬೇಕು. ಕತ್ತಿನ ಹಿಂಭಾಗ ಬಿಸಿಲಿಗೆ ಸುಡದಂತೆ ಎತ್ತರದ ಪಟ್ಟಿ, ಮಣಿಕಟ್ಟಿಗೆ ಗುಂಡಿ. ಮುಂದಿನ ಸ್ಪರ್ಧೆಯಲ್ಲಿ ಹೊಲಿದ ದಿನವೇ ತೀರ್ಪು ಕೊಡದೆ, ಕಡಲೆಕಾಯಿ ಬಿತ್ತನೆಗೆ ಅಂಗಿ ತೊಡಿಸಿ, ಕಾಯಿ ಕಿತ್ತ ಮೇಲೆ ಅದನ್ನೇ ತಂದು ನೋಡಬೇಕೆಂದು ನಾನು ಸೂಚಿಸಿದೆ. ತೊಟ್ಟವಳೇ ಅಂಕ ಕೊಡಲಿ ಎಂದು ರವಿಕೆಯ ಸೊಸೆ ಸೇರಿಸಿದಳು.

ಜೇಬಿನ ವಿಷಯದಲ್ಲಿ ಮಾತ್ರ ಒಮ್ಮತವಾಗಲಿಲ್ಲ. ಸೊಂಟದ ಬಳಿ ಎರಡೂ ಕಡೆ ಆಳವಾದ ಜೇಬುಗಳಿರಲಿ, ಕುಡುಗೋಲು ಹಿಡಿಯುವ ಕಡೆ ಬೇಡ, ಎಡಕ್ಕೊಂದೇ ಸಾಕು ಎಂದೆಲ್ಲ ವಾದ ನಡೆಯುತ್ತಿರಲು, ಮೂಲೆಯಲ್ಲಿ ಕುಳಿತಿದ್ದ ಮುದುಕಿಯೊಬ್ಬಳು, “ಒಳಗಡೆಗೆ ಒಂದು ಇಡ್ರಮ್ಮ. ಕೂಲಿ ದುಡ್ಡು ಇಟ್ಕೊಳ್ಳೋಕೆ, ಯಾರಿಗೂ ಕಾಣ್ಬಾರ್ದು” ಎಂದಳು. ಅದಕ್ಕೆ ಎಷ್ಟು ಅಂಗುಲದ ಬಟ್ಟೆ ಹೆಚ್ಚು ಬೇಕಾದೀತೆಂದು ಹೆಂಗಸರು ಅಳತೆಪಟ್ಟಿ ಬಿಚ್ಚಿದರು.